ಸೂಲಗಿತ್ತಿಗೆ ಕೊಟ್ಟ ಸೈಕಲ್ಲು

ಏಳುದಿಣ್ಣೆ ಅಂತ ಒಂದು ರಾಜ್ಯ ಇತ್ತು ಮಕ್ಕಳೇ. ಅಲ್ಲೊಬ್ಬ ರಾಜ ಇದ್ದ. ಆ ರಾಜನ ಪೇಟೇಲಿ ಒಂದು ಸೈಕಲ್ ಅಂಗಡಿ ಇತ್ತು. ರಾಜರ ಕಾಲದಲ್ಲಿ ಸೈಕಲ್ ಎಲ್ಲಿತ್ತಜ್ಜೀ ಅಂತ ಹಲ್ಲು ಕಿರೀಬೇಡಿ. ಕಥೆ ನಂದು, ರಾಜನೂ ನಂದು. ಬೇಕಾದ್ರೆ ಕೇಳಿ, ಬೇಡವಾದ್ರೆ ಎದ್ದು ಹೋಗಿ.

ಆ ರಾಜ್ಯಕ್ಕೆಲ್ಲ ಇದ್ದವಳು ಒಬ್ಬಳೇ ಸೂಲಗಿತ್ತಿ. ಹೆಸರು ಸಣ್ಣೀರಮ್ಮ. ಪೇಟೆಯೊಳಗೆ ನುಣ್ಣನೆ ಟಾರು ರಸ್ತೆ. ಪೇಟೆ ದಾಟಿದ್ರೆ ಕಲ್ಲು, ಕೆಸರು, ಇಳಿಜಾರು. ಎಲ್ಲಾ ಕಡೆಗೂ ಅವಳು ನಡ್ಕೊಂಡೇ ಹೋಗ್ತಿದ್ದಳು. ಹೋದ ವರ್ಷ ಒಂದು ಮನೆಗೆ ಅವಳು ಮುಟ್ಟೋ ಹೊತ್ತಿಗೆ ಕೂಸು ಹೋಗಿಬಿಟ್ಟಿತ್ತು. ಆವತ್ತಿಂದ ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಸೀದಾ ರಾಜನ ಹತ್ರ ಹೋದಳು.

"ಬುದ್ಧೀ, ನನ್ನ ಕಾಲು ಸಾಲ್ತಾ ಇಲ್ಲ. ಇನ್ನೊಂದು ಕೂಸು ಹೋದ್ರೆ ನಾನು ಉಳಿಯಲ್ಲ," ಅಂದಳು.

ರಾಜ ಒಳ್ಳೆಯವನು. "ಸೈಕಲ್ ಸಾಂಬಣ್ಣನ ಅಂಗಡಿಗೆ ಹೋಗಮ್ಮ. ಒಂದು ಹೈಬ್ರಿಡ್ ಸೈಕಲ್ ತಗೋ. ಅರಮನೆ ಕೊಡ್ಸುತ್ತೆ," ಅಂದ.

ಹೈಬ್ರಿಡ್ ಅಂದ್ರೆ ಗೊತ್ತಲ್ಲ? ಜೋಳದಲ್ಲಿ, ಟೊಮೆಟೊದಲ್ಲಿ ಎರಡು ಜಾತಿ ಕೂಡಿಸ್ತಾರಲ್ಲ, ಹಾಗೇನೇ. ಅರ್ಧ ರಸ್ತೆ ಸೈಕಲ್ಲು, ಅರ್ಧ ಗುಡ್ಡದ ಸೈಕಲ್ಲು. ಟಾರಿನ ಮೇಲೂ ಓಡುತ್ತೆ, ಕಲ್ಲಿನ ಮೇಲೂ ಓಡುತ್ತೆ.

ಸಾಂಬಣ್ಣನ ಅಂಗಡೀಲಿ ಅಂಥವು ಮೂರೇ ಮೂರು ಇದ್ದವು. ಮೂರೂ ಹಸಿರು. ಮೂರಕ್ಕೂ ಏಳೇಳು ಗೇರು. ಒಂದಕ್ಕೆ ಕರೀ ಸೀಟು, ಒಂದಕ್ಕೆ ಕಂದು ಸೀಟು, ಒಂದಕ್ಕೆ ಕೆಂಪು ಸೀಟು. ಅಷ್ಟೇ ವ್ಯತ್ಯಾಸ, ನೋಡೋರ ಕಣ್ಣಿಗೆ. ಆದ್ರೆ ಆ ಕೆಂಪು ಸೀಟಿನದು ಗಾಡಿಯಿಂದ ಇಳಿಸುವಾಗ ಬಿದ್ದು, ಮುಂದಿನ ಚಕ್ರ ಹಿಡ್ಕೊಳ್ಳೋ ಫೋರ್ಕು ಸೀಳಿತ್ತು. ಸಾಂಬಣ್ಣ ಅದಕ್ಕೆ ವೆಲ್ಡಿಂಗ್ ಹಾಕಿ, ಉಜ್ಜಿ, ಬಣ್ಣ ಬಳಿದು, ಹೊಸಾ ಸೀಟು ಕೂರಿಸಿದ್ದ. ಸಮನೆಲದಲ್ಲಿ ಏನೂ ಆಗಲ್ಲ. ಇಳಿಜಾರಲ್ಲಿ ಯಾವತ್ತೋ ಒಂದಿನ ಮುರಿಯುತ್ತೆ. ಅದು ಅವನೊಬ್ಬನಿಗೇ ಗೊತ್ತು.

ಸೂಲಗಿತ್ತಿ ಬಂದಿದ್ದು ನೋಡಿ, 'ಸದ್ಯ, ಕೆಂಪು ಸೀಟಿನ ಪೀಡೆ ತೊಲಗಿತು' ಅಂದ್ಕೊಂಡ ಅವನು. "ಬಾ ಸಣ್ಣೀರಕ್ಕ, ಮೂರೂ ಓಡಿಸಿ ನೋಡು," ಅಂದ.

ಅವಳು ಕರೀದು ಓಡಿಸಿದಳು. ಚೆನ್ನಾಗಿತ್ತು. ಕಂದು ಓಡಿಸಿದಳು. ಚೆನ್ನಾಗಿತ್ತು. ಕೆಂಪು ಓಡಿಸಿದಳು. ಅದೂ ಚೆನ್ನಾಗಿತ್ತು! ಪೇಟೆ ಬೀದಿ ತಾನೆ, ತಟ್ಟೆ ಥರ ಸಮ.

"ಇಳಿಜಾರಿಗೆ ಯಾವುದಪ್ಪಾ ಒಳ್ಳೇದು?" ಅಂತ ಕೇಳಿದಳು.

"ಕೆಂಪು ಸೀಟಿಂದು ಅಕ್ಕ, ಕಣ್ಣು ಮುಚ್ಕೊಂಡು ತಗೋ."

"ಹಿಂದುಗಡೆ ಗಂಟು ಕಟ್ಟೋಕೆ?"

"ಕೆಂಪು ಸೀಟಿಂದು."

"ಕೆಸರಿಗೆ?"

"ಕೆಂಪೇ ಅಕ್ಕ! ನಿನಗೆ ಅಂತಲೇ ಎತ್ತಿಟ್ಟಿದ್ದೆ."

ಸಣ್ಣೀರಮ್ಮ ಓದಿದವಳಲ್ಲ. ಆದ್ರೆ ಸಾವಿರ ಬಾಣಂತಿಯರ ಮುಖ ಓದಿದವಳು. ಮೂರೂ ಒಂದೇ ಥರ ಇದ್ದು, ಇವನ ಬಾಯಿ ಮಾತ್ರ ಒಂದರ ಮೇಲೇ ಬೀಳ್ತಿದೆಯಲ್ಲ, ಯಾಕೆ? ಅಂದ್ಕೊಂಡಳು. ಅಂಗಡಿ ಮುಂದೆ ಆಗಲೇ ಹತ್ತು ಜನ ಸೇರಿದ್ದರು. ಪುಕ್ಕಟೆ ತಮಾಷೆ ಅಂದ್ರೆ ನಮ್ಮ ಜನಕ್ಕೆ ಕೇಳಬೇಕಾ?

ಏಳುದಿಣ್ಣೇಲಿ ಒಂದು ಪದ್ಧತಿ. ಸೂಲಗಿತ್ತಿ ತನಗೆ ಸಲ್ಲೋ ಯಾವುದನ್ನೂ ತಾನೇ ಕೈ ಹಾಕಿ ಎತ್ಕೊಳ್ಳೋ ಹಾಗಿಲ್ಲ. ಸೀರೆ ಆಗ್ಲಿ, ಮೊರದ ಅಕ್ಕಿ ಆಗ್ಲಿ, ಕೊಡೋರೇ ಆರಿಸಿ, ಎರಡೂ ಕೈಯಲ್ಲಿ ಹಿಡಿದು ಕೊಡಬೇಕು. ಇಲ್ಲಾಂದ್ರೆ ಹುಟ್ಟೋ ಕೂಸಿಗೆ ಒಳ್ಳೇದಲ್ಲ ಅನ್ನೋ ನಂಬಿಕೆ. ಸಾಂಬಣ್ಣನಿಗೆ ಇದರಿಂದ ಖುಷಿಯೋ ಖುಷಿ. ಆರಿಸೋ ಕೆಲಸ ತನ್ನದೇ ಆಯ್ತಲ್ಲ! ಮಂಗ, ಅಲ್ಲೇ ಎಡವಿದ.

ಅವನು ಕೆಂಪು ಸೀಟಿನದರ ಹ್ಯಾಂಡಲ್ ಹಿಡಿದು ಮುಂದಕ್ಕೆ ತಂದ. ಸಣ್ಣೀರಮ್ಮ ಸೆರಗು ಸರಿಮಾಡ್ಕೊಂಡು, ಎರಡೂ ಕೈ ಚಾಚಿ, ಮೆಲ್ಲಗೆ ಹೇಳಿದಳು.

"ಕೊಡಪ್ಪಾ ಸಾಂಬಣ್ಣ. ಇದರ ಮೇಲೆ ನಾನು ಮೊದಲು ಹೋಗೋದು ಕಲ್ಲುಕೊಪ್ಪಲಿಗೇ. ನಿನ್ನ ಮಗಳು ಹೊನ್ನಿ ಹತ್ರಕ್ಕೆ."

ಸಾಂಬಣ್ಣ ನಿಂತುಬಿಟ್ಟ.

"ಮೊನ್ನೆ ನೋಡ್ಕೊಂಡು ಬಂದೆ. ಎರಡನೇ ಬಸುರಿ ಅಂತ ಗಂಡನ ಮನೇಲೇ ಉಳಿದಿದ್ದಾಳೆ. ಕೂಸು ಅಡ್ಡ ಮಲಗಿದೆ ಕಣಪ್ಪಾ. ಕರೆ ಬಂದ ತಕ್ಷಣ ನಾನು ಮುಟ್ಟಿದ್ರೆ ಎರಡು ಜೀವ ಉಳಿಯುತ್ತೆ. ದಾರೀಲಿ ಮೂರು ಇಳಿಜಾರು. ಈಗ ನೀನೇ ಯೋಚನೆ ಮಾಡಿ, ನಿನ್ನ ಕೈಯಾರೆ ಕೊಡು. ಯಾವುದು ಕೊಟ್ರೂ ತಗೊಂಡು ಹೋಗ್ತೀನಿ."

ಸಾಂಬಣ್ಣ ಕೆಂಪು ಸೀಟು ನೋಡಿದ. ಸಣ್ಣೀರಮ್ಮನ ಮುಖ ನೋಡಿದ. ಅವನ ಕೈ ತಾನಾಗೇ ಹ್ಯಾಂಡಲ್ ಬಿಟ್ಟಿತು. ಹಿಂದೆ ಹೋಗಿ, ಕರೀ ಸೀಟಿನ ಸೈಕಲ್ ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ನಿಲ್ಲಿಸಿದ. ಸೇರಿದ್ದ ಜನ ಎಲ್ಲಾ ನೋಡಿದರು.

"ಮತ್ತೆ ಕೆಂಪು ಸೀಟಿಂದಕ್ಕೆ ಏನಾಗಿದೆಯಪ್ಪಾ?" ಅಂತ ಕೇಳಿದಳು ಅವಳು.

ಸಾಂಬಣ್ಣ ಅಲ್ಲೇ ಕುಕ್ಕರಿಸಿ ಕೂತು, ಎಲ್ಲಾನೂ ಒಪ್ಕೊಂಡ. ಅವಳಿಗೆ ಕೆಂಡದಂಥ ಸಿಟ್ಟು ಬಂತು. ತನ್ನ ಜೀವ ಹೋಗ್ತಿತ್ತು ಅಂತಲ್ಲ. ದಾರಿ ಕಾಯ್ತಾ ನೋವು ತಿನ್ನೋ ಹೆಣ್ಣುಮಕ್ಕಳು ನೆನಪಾದರು.

"ನಿನ್ನ ಮಗಳು ಮಾತ್ರ ಮಗಳಾ? ಮಿಕ್ಕೋರ ಮಕ್ಕಳು ಏನು, ಬೀದೀಲಿ ಬಿದ್ದಿದ್ರಾ?" ಅಂದಳು. "ರಾಜರಿಗೆ ದೂರು ಹೇಳಲ್ಲ. ಆದ್ರೆ ಅದು ಇನ್ಯಾರ ಕೈಗೂ ಹೋಗಬಾರದು. ಗರಗಸ ತಗೊಂಡು ಬಾ."

ಹತ್ತು ಜನದ ಮುಂದೆ ಸಾಂಬಣ್ಣ ಆ ಫೋರ್ಕಿಗೆ ಗರಗಸ ಹಚ್ಚಿದ. ಒಂದು ಸಲ ಎಳೆದ. ಎರಡು ಸಲ ಎಳೆದ. ಮೂರನೇ ಸಲಕ್ಕೆ ಪಟ್ ಅಂತ ಎರಡು ತುಂಡು.

ಒಂಬತ್ತು ದಿನಕ್ಕೆ ಕಲ್ಲುಕೊಪ್ಪಲಿಂದ ಕರೆ ಬಂತು. ಸಣ್ಣೀರಮ್ಮ ಮೂರು ಇಳಿಜಾರು ಇಳಿದು ಹೊತ್ತಿಗೆ ಸರಿಯಾಗಿ ಮುಟ್ಟಿದಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಗಟ್ಟಿ. ಸಾಂಬಣ್ಣ ಏದುಸಿರು ಬಿಡ್ತಾ ಹಿಂದಿಂದ ಬಂದು, ಮೊಮ್ಮಗಳನ್ನ ಎತ್ಕೊಂಡು ಗೊಳೋ ಅಂತ ಅತ್ತುಬಿಟ್ಟ.

ಆಮೇಲೆ ಅವನ ಅಂಗಡಿಗೆ ಯಾರೇ ಬರಲಿ, ಗೇರು ಎಷ್ಟು, ಬ್ರೇಕು ಹೇಗೆ ಅಂತ ಕೇಳೋದೇ ಬಿಟ್ಟರು. "ಹೊನ್ನಿಗಾದ್ರೆ ಯಾವುದು ಕೊಡ್ತಿದ್ದೆ ಸಾಂಬಣ್ಣ?" ಅಂತ ಅಷ್ಟೇ ಕೇಳೋರು. ಅವನು ತಲೆ ತಗ್ಗಿಸಿ, ಅದನ್ನೇ ತೆಗೆದು ಕೊಡೋನು.

ತಿಳೀತಾ ಮಕ್ಕಳೇ? ನಿಮ್ಮ ಮನೆಯವರಿಗೆ ಕೊಡೋಕೆ ಹೆದರೋ ವಸ್ತುವನ್ನ ಊರವರಿಗೂ ಕೊಡಬಾರದು.