ಬೋಗುಣಿಯಲ್ಲೇ ಉಳಿದ ಎಡಗಾಲು

ಒಬ್ಬ ಗುರು, ಜನ ಕಿಕ್ಕಿರಿದ ದೇವಾಲಯದಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ತಮ್ಮ ಶಿಷ್ಯನ ಎಡಗಾಲನ್ನು ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. ಏನಾಗಿರಬಹುದು, ಹೇಳಿ ನೋಡೋಣ.

ಶಿಷ್ಯ ಗುರುವನ್ನೂ ಮೀರಿಸಿದ ಜ್ಞಾನಿಯಾಗಿಬಿಟ್ಟಿದ್ದನೇ? ಅಷ್ಟು ಸುಲಭವಾಗಿ ಯಾರೂ ಆಗುವುದಿಲ್ಲ ಬಿಡಿ. ಗುರು ಏನೋ ತಪ್ಪು ಮಾಡಿ ಕ್ಷಮೆ ಬೇಡುತ್ತಿದ್ದರೇ? ಅದೂ ಅಲ್ಲ. ನೀವು ಊಹಿಸುತ್ತಿರಿ, ಅಷ್ಟರಲ್ಲಿ ಕಥೆ ಮುಂದುವರಿಯಲಿ.

ಹೊಳೆಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮ. ಅದರ ಗುರು ಇನ್ನಾಸಪ್ಪ ಸ್ವಾಮಿಗಳು, ಎಪ್ಪತ್ತು ದಾಟಿದವರು. ಶಿಷ್ಯ ಚೌರಪ್ಪನಿಗೆ ಇಪ್ಪತ್ತಾರು. ಈಸ್ಟರ್ ಹಬ್ಬ ಕಳೆದ ಮೇಲೆ ಅವನಿಗೆ ಪಾದ್ರಿಯಾಗುವ ಗುರುದೀಕ್ಷೆ ಎಂದು ನಿಶ್ಚಯವಾಗಿತ್ತು.

ಮೂರು ತಿಂಗಳ ಹಿಂದೆ ಚೌರಪ್ಪನ ಎಡಪಾದದ ಮೇಲೆ ರೂಪಾಯಿ ಅಗಲದ ಬಿಳಚು ಮಚ್ಚೆಯೊಂದು ಕಾಣಿಸಿಕೊಂಡಿತ್ತು. ಚಿವುಟಿ ನೋಡಿದ, ಗೊತ್ತಾಗಲಿಲ್ಲ. ಮುಳ್ಳಿನಿಂದ ಚುಚ್ಚಿ ನೋಡಿದ. ರಕ್ತ ಬಂತು, ನೋವು ಬರಲಿಲ್ಲ.

ಅದು ಕುಷ್ಠವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಸೋದರಮಾವನಿಗೂ ಹೀಗೆಯೇ ಶುರುವಾಗಿತ್ತು. ಮಾವನನ್ನು ಊರಾಚೆ ಗುಡಿಸಲು ಹಾಕಿ ಕೂರಿಸಿದ್ದರು. ಅನ್ನದ ತಟ್ಟೆಯನ್ನು ಉದ್ದನೆಯ ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದರು. ತಳ್ಳುತ್ತಿದ್ದವಳು ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಕ್ಕ, ಚೌರಪ್ಪನ ತಾಯಿ.

ಹಾಗಾಗಿ ಅವನು ಬಾಯಿಬಿಡಲಿಲ್ಲ. ಆಶ್ರಮ ಏಳುವ ಮೊದಲೇ ಹೊಳೆಗಿಳಿದು, ಕಾಲನ್ನು ನೀರಿನಲ್ಲಿಟ್ಟುಕೊಂಡು ಬೇಡುತ್ತಿದ್ದ. "ಸರ್ವಶಕ್ತನಾದ ದೇವರೇ, ನೀನು ಒಂದು ಮಾತು ಹೇಳಿದರೆ ಸಾಕು." ಆಮೇಲೆ ಮುಳ್ಳು ತೆಗೆದು ಚುಚ್ಚಿ ನೋಡುತ್ತಿದ್ದ.

ತೊಂಬತ್ತು ಬೆಳಗು ಹೀಗೇ ಹೋದವು. ದೇವರು ಮಾತಾಡಲಿಲ್ಲ.

ಕೊನೆಗೆ, ಈಸ್ಟರಿಗೆ ಮುಂಚಿನ ಪವಿತ್ರ ವಾರದ ಸೋಮವಾರ, ತಡೆಯಲಾರದೆ ಗುರುಗಳ ಬಳಿ ಹೋದ. ಅವರು ಕೈತೋಟದಲ್ಲಿ ನಿಂತಿದ್ದರು.

"ಗುರುಗಳೇ, ಒಂದು ಸಂದೇಹ."

"ಒಂದೇನಾ? ಪರವಾಗಿಲ್ಲ, ಕೇಳು."

"ದೇವರು ಸರ್ವಶಕ್ತ ಅಂತ ದಿನಾ ಹೇಳ್ತೀವಿ. ಆ ಶಕ್ತಿಯನ್ನ ಯಾಕೆ ತೋರಿಸಲ್ಲ?"

"ಮೊದಲು ಕೈ ಕೊಡು. ಈ ಕೊತ್ತಂಬರಿ ಮಡಿಯಲ್ಲಿ ಕಳೆ ಕೀಳಬೇಕು, ನಾನು ಕೂತ್ಕೋಬೇಕು."

ಚೌರಪ್ಪ ಕೈ ಕೊಟ್ಟ. ಮುದುಕರು ಒಂದು ಮಂಡಿ ಮಡಿಸಿ ಉಸಿರು ಬಿಟ್ಟರು, ಇನ್ನೊಂದು ಮಡಿಸಿ ನರಳಿದರು. ನೆಲ ಮುಟ್ಟುವಷ್ಟರಲ್ಲಿ ಹಣೆ ಬೆವೆತಿತ್ತು.

"ಏಳೋದಕ್ಕೆ ಕೈ ಕೇಳೋರನ್ನ ನೋಡಿದ್ದೀನಿ. ಕೂರೋದಕ್ಕೂ ಬೇಕಾ ಗುರುಗಳೇ?"

"ನಿಂತಿರೋದು ನನಗೇನೂ ಕಷ್ಟವಲ್ಲ ಚೌರಪ್ಪ. ಬೆಳಗಿಂದ ಸಂಜೆವರೆಗೂ ನಿಂತೇನು. ಇರೋಬರೋ ಶಕ್ತಿಯೆಲ್ಲ ಬೇಕಾಗೋದು ಕೆಳಗೆ ಇಳಿಯೋದಕ್ಕೆ."

"ನಾನು ಕೇಳಿದ್ದು ದೇವರ ಶಕ್ತಿಯ ವಿಷಯ."

"ನಾನೂ ಅದನ್ನೇ ಹೇಳ್ತಾ ಇದ್ದೆ. ಆ ಕಡೆಯ ಕಳೆ ಕೀಳು. ಅದಲ್ಲ ಮಾರಾಯ, ಅದು ಕೊತ್ತಂಬರಿ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು, "ಅಂದಹಾಗೆ, ದೋಣಿ ನಡೆಸೋ ಅಂತೋಣಿಗೆ ಜ್ವರ ಬಂದಿದೆ. ಗುರುವಾರ ಕಾಲು ತೊಳೆಸಿಕೊಳ್ಳೋರ ಸಾಲಲ್ಲಿ ಅವನ ಜಾಗದಲ್ಲಿ ನೀನು ಕೂತ್ಕೋ."

ಯೇಸುಸ್ವಾಮಿ ಸಾಯುವ ಹಿಂದಿನ ದಿನ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಕಾಲು ತೊಳೆಯಬೇಕೆಂದರೆ ಕಾಲು ನೋಡಬೇಕು.

"ನಾನು ಬೇಡ ಗುರುಗಳೇ. ಊರವರಲ್ಲಿ ಯಾರನ್ನಾದರೂ..."

"ಯಾಕೆ? ನಿನ್ನ ಕಾಲಿಗೇನಾಗಿದೆ?"

"ಏನಿಲ್ಲ," ಎಂದ ಚೌರಪ್ಪ. ಎಷ್ಟು ಬೇಗ ಎಂದನೆಂದರೆ, ಅವನಿಗೇ ಭಯವಾಯಿತು.

ಬೇರೆ ಕಡೆಯಾಗಿದ್ದರೆ ಬದುಕಿಕೊಳ್ಳುತ್ತಿದ್ದ. ಎಷ್ಟೋ ಕಡೆ ಬಲಗಾಲೊಂದನ್ನೇ ತೊಳೆಯುತ್ತಾರೆ. ಇಲ್ಲಿ ಎರಡೂ ಆಗಬೇಕು. ಒಂದು ಸಾಲದೇ ಎಂದು ಯಾರೋ ಕೇಳಿದ್ದಕ್ಕೆ ಇನ್ನಾಸಪ್ಪ ಸ್ವಾಮಿಗಳು, "ಎಡಗಾಲು ಏನು ಪಾಪ ಮಾಡಿದೆ? ಎರಡೂ ಒಟ್ಟಿಗೇ ನಡೆದು ಬಂದಿವೆಯಲ್ಲ," ಎಂದಿದ್ದರಂತೆ.

ಗುರುವಾರ ಮಧ್ಯಾಹ್ನ ಊರವರು ಹೊಳೆಯಲ್ಲಿ ಸಾಲಾಗಿ ಕೂತು ಕಾಲು ಉಜ್ಜುತ್ತಿದ್ದರು. ಪ್ರತಿವರ್ಷವೂ ಹಾಗೆಯೇ. ಗುರುಗಳು ತೊಳೆಯುತ್ತಾರೆಂದು ಮೊದಲೇ ತೊಳೆದುಕೊಂಡು ಬರುವುದು. ಸೋಪೇನು, ಕಲ್ಲೇನು, ತೆಂಗಿನ ನಾರೇನು. ಒಬ್ಬನಂತೂ ಉಗುರು ಕತ್ತರಿಸಿಕೊಂಡು ಹೊಸ ಚಪ್ಪಲಿಯನ್ನೂ ಹಾಕಿಕೊಂಡು ಬಂದಿದ್ದ.

ಚೌರಪ್ಪ ಅಡುಗೆಮನೆ ಹಿಂದೆ ಕೂತು ಎರಡೂ ಪಾದಗಳಿಗೆ ಅರಿಶಿನ ಕಲಸಿ ಬಳಿದುಕೊಂಡ. ಮಚ್ಚೆ ಮುಚ್ಚಿತು.

ಅಡುಗೆಯ ಲೂರ್ದಮ್ಮನ ಕಣ್ಣಿಗೆ ಬಿದ್ದೇಬಿಟ್ಟ. "ಏನಪ್ಪಾ ಮದುಮಗಳೇ, ಗಂಡು ಯಾವೂರು?"

"ಹಿಮ್ಮಡಿ ಒಡೆದಿದೆ ಲೂರ್ದಮ್ಮ."

"ಹಿಮ್ಮಡಿ ಒಡೆದರೆ ಪಾದದ ಮೇಲೂ ಬಳ್ಕೋತಾರಾ?" ಎಂದು ನಗುತ್ತಾ ಅವಳು ಒಳಗೆ ಹೋದಳು. ಚೌರಪ್ಪನಿಗೆ ನಗು ಬರಲಿಲ್ಲ.

ಸಂಜೆ ಪೂಜೆಯಲ್ಲಿ ಅವನು ಬೆಂಚಿನ ಕಟ್ಟಕಡೆಗೆ ಹೋಗಿ ಕೂತ. ಅಷ್ಟು ಹೊತ್ತಿಗೆ ಗುರುಗಳು ದಣಿದಿರುತ್ತಾರೆ, ಎರಡು ಹನಿ ಚಿಮುಕಿಸಿ ಎದ್ದುಬಿಡುತ್ತಾರೆ ಎಂದು ಅವನ ಲೆಕ್ಕಾಚಾರ.

ಗುರುಗಳು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಮಂಡಿಯಲ್ಲೇ ತೆವಳುತ್ತಾ ಬಂದರು. ಒಬ್ಬರಾದ ಮೇಲೆ ಒಬ್ಬರು. ತೊಳೆದರು, ಒರೆಸಿದರು, ಬಗ್ಗಿ ಪಾದಕ್ಕೆ ಮುತ್ತಿಟ್ಟರು. ಹತ್ತನೆಯವನಾಯಿತು. ಹನ್ನೊಂದನೆಯವನಾಯಿತು.

ಅವನ ಸರದಿ ಬರುವಷ್ಟರಲ್ಲಿ ನೀರು ಮುಗಿಯಿತು. ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡ ಚೌರಪ್ಪ.

ಲೂರ್ದಮ್ಮ ಗಡಿಬಿಡಿಯಲ್ಲಿ ಇನ್ನೊಂದು ಬಿಂದಿಗೆ ತಂದಿಟ್ಟಳು. ಮುದುಕರ ಕೈ ಮರಗಟ್ಟದಿರಲಿ ಎಂದು ಒಲೆಯ ಮೇಲಿದ್ದ ಹಂಡೆಯಿಂದಲೇ ತೋಡಿ ತಂದಿದ್ದಳು. ತಣ್ಣೀರು ಬೆರೆಸುವುದು ಮರೆತಿತ್ತು.

ಗುರುಗಳು ಅವನ ಎರಡೂ ಕಾಲುಗಳನ್ನು ಬೋಗುಣಿಯಲ್ಲಿಟ್ಟು ಚೊಂಬಿನಿಂದ ನೀರು ಸುರಿದರು.

"ಅಯ್ಯಪ್ಪಾ," ಎಂದ ಚೌರಪ್ಪ. ಬಲಗಾಲು ಚಂಗನೆ ಹೊರಕ್ಕೆ ನೆಗೆಯಿತು.

ಎಡಗಾಲು ಬೋಗುಣಿಯಲ್ಲೇ ಹಾಯಾಗಿ ಕೂತಿತ್ತು.

ಜನ ಹೊರಗೆ ಬಂದ ಕಾಲನ್ನು ನೋಡಿ ನಕ್ಕರು. ಗುರುಗಳೊಬ್ಬರೇ ಒಳಗಿದ್ದ ಕಾಲನ್ನು ನೋಡಿದರು. ತಟ್ಟನೆ ಬಿಸಿನೀರಿಗೆ ಕೈ ಹಾಕಿ ಅದನ್ನು ಎತ್ತಿದರು. ಟವೆಲ್ಲಿನ ತುದಿಯಿಂದ ಅರಿಶಿನ ಒರೆಸಿದರು. ಮಚ್ಚೆ ಕಾಣಿಸಿತು.

ಕಾಲನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಅಲ್ಲಿಗೆ ಗಾಯಕರ ಹಾಡು ಮುಗಿಯಿತು. ಗುರು ಏಳಲಿಲ್ಲ.

"ಎಷ್ಟು ದಿನ ಆಯ್ತು?" ಪಿಸುದನಿಯಲ್ಲಿ ಕೇಳಿದರು.

"ಮೂರು ತಿಂಗಳು. ಬಿಡಿ ಗುರುಗಳೇ, ಜನ ನೋಡ್ತಾ ಇದ್ದಾರೆ."

"ನೋಡಲಿ."

"ನಿಮಗೂ ಅಂಟಿಕೊಂಡೀತು."

"ಇಷ್ಟು ವಯಸ್ಸಾದ ಮೇಲೆ ಹೊಸದಾಗಿ ಏನಾದರೂ ಬಂದರೆ ಬರಲಿ ಬಿಡು."

"ನನ್ನನ್ನ ಕಳಿಸಿಬಿಡ್ತೀರಾ?"

ಗುರುಗಳು ಬಗ್ಗಿ, ಸರಿಯಾಗಿ ಆ ಮಚ್ಚೆಯ ಮೇಲೆಯೇ ತುಟಿಯಿಟ್ಟರು. ಇಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದರು.

"ಗೊತ್ತಾಯ್ತಾ?"

ಚೌರಪ್ಪನ ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಇಲ್ಲ ಗುರುಗಳೇ. ಏನೂ ಗೊತ್ತಾಗಲಿಲ್ಲ."

"ನಿನಗೆ ಗೊತ್ತಾಗಲಿಲ್ಲ ಅಂದ್ರೆ ನಾನು ಮುತ್ತು ಕೊಡಲಿಲ್ಲ ಅಂತಲಾ?"

ಶುಕ್ರವಾರದ ಆರಾಧನೆ ಬಿಟ್ಟು ಗುರುಗಳು ಎಲ್ಲಿಗೂ ಹೋಗುವಂತಿರಲಿಲ್ಲ. ಶನಿವಾರ ಮೊದಲ ಬಸ್ಸಿಗೇ ಇಬ್ಬರೂ ಹೊರಟರು. ಒಂದೇ ಸೀಟಿನಲ್ಲಿ ಕೂತರು. ಚೌರಪ್ಪ ಕಾಲನ್ನು ಸೀಟಿನ ಕೆಳಗೆ ಎಷ್ಟು ಹಿಂದಕ್ಕೆ ಸರಿಸಿದರೂ ಗುರುಗಳ ಕಾಲು ಅದರ ಪಕ್ಕಕ್ಕೇ ಬರುತ್ತಿತ್ತು.

"ಇನ್ನು ನನಗೆ ದೀಕ್ಷೆ ಇಲ್ಲ, ಅಲ್ವಾ?"

"ದೀಕ್ಷೆಯಲ್ಲಿ ಎಣ್ಣೆ ಹಚ್ಚೋದು ಎಲ್ಲಿಗೆ?"

"ಅಂಗೈಗೆ."

"ಮತ್ತೆ ಕಾಲಿನ ಚಿಂತೆ ನಿನಗ್ಯಾಕೆ?"

ಕುಷ್ಠರೋಗದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹತ್ತಿಯ ಎಳೆಯಿಂದ ಪಾದವನ್ನು ಮುಟ್ಟಿ ನೋಡಿದರು, ನರ ಒತ್ತಿ ನೋಡಿದರು. "ಹೆದರಬೇಡಿ. ಬೇಗ ಬಂದಿದ್ದೀರಿ. ಮಾತ್ರೆಯಲ್ಲೇ ವಾಸಿಯಾಗುತ್ತೆ, ಆದರೆ ಒಂದು ದಿನವೂ ತಪ್ಪಿಸಬಾರದು," ಎಂದರು. ಮೊದಲ ಮಾತ್ರೆಯನ್ನು ತಮ್ಮೆದುರಿಗೇ ನುಂಗಿಸಿದರು.

ಚೌರಪ್ಪ ಲೋಟ ಕೆಳಗಿಟ್ಟ.

ಡಾಕ್ಟರಮ್ಮ ಒಂದು ಕಾರ್ಡು ತೆಗೆದುಕೊಂಡು ಹೆಸರು ಬರೆದರು, ವಯಸ್ಸು ಬರೆದರು. "ಚಿಕಿತ್ಸೆ ಆರಂಭವಾದ ದಿನ" ಎಂಬ ಗೆರೆಯ ಮುಂದೆ ಆ ದಿನದ ತಾರೀಖು ಬರೆಯಲು ಪೆನ್ನು ಊರಿದರು.

"ಇವತ್ತಲ್ಲ ಡಾಕ್ಟರಮ್ಮ," ಎಂದರು ಇನ್ನಾಸಪ್ಪ ಸ್ವಾಮಿಗಳು. "ಮೊನ್ನೆ ಗುರುವಾರ, ಮಾರ್ಚ್ ಮೂವತ್ತೊಂದು, ಸಾವಿರದ ಒಂಬೈನೂರ ಎಂಬತ್ತಮೂರು."