ಚಂಪಕ್ಕನ ರುಚಿ ನೋಡುವವರು

ನನ್ನ ಹಳೆಯ ದಿನಚರಿಯಲ್ಲಿ 1987ರ ಜೂನ್ 14, ಭಾನುವಾರದ ಪುಟದಲ್ಲಿ ಹೀಗಿದೆ: "ಮೋಡ ಇದೆ, ಮಳೆ ಇಲ್ಲ. ಮಕ್ಕಳಿಗೆ ಬಾಳೆ ಮೀನಿನ ಕತೆ ಹೇಳಿದೆ. ಮೂವರಲ್ಲಿ ಇಬ್ಬರು ನಿದ್ದೆ ಹೋಗಲಿಲ್ಲ." ಆ ಕತೆ ಇದೇ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮೀನು ಮಾತಾಡುವುದೊಂದನ್ನು ಬಿಟ್ಟರೆ ಇದರಲ್ಲಿ ಹೆಚ್ಚು ಸುಳ್ಳಿಲ್ಲ, ಮಕ್ಕಳೇ.

ಕಾಡಿನ ನಡುವೆ ನೆಲ್ಲಿಮಡು ಎಂಬ ಕೆರೆ ಇತ್ತು. ಅದರ ಯಜಮಾನಿ ಚಂಪಕ್ಕ ಎಂಬ ಬಾಳೆ ಮೀನು. ಅಗಲವಾದ ಬಾಯಿ, ಉದ್ದನೆಯ ಮೀಸೆ, ಅದಕ್ಕಿಂತ ಉದ್ದನೆಯ ಮಾತು. ಅವಳ ಮನೆ ನೋಡಿಕೊಳ್ಳುತ್ತಿದ್ದವನು ತಿರುಮಲಯ್ಯ ಎಂಬ ಏಡಿ.

ಒಂದು ದಿನ ಲಾರಿಯೊಂದು ಬಂತು. ಕೆಲವು ಡ್ರಮ್ಮುಗಳನ್ನು ಕೆರೆಗೆ ಉರುಳಿಸಿ ಹೋಯಿತು. ಒಂದು ಡ್ರಮ್ಮು ಬಿರುಕು ಬಿಟ್ಟಿತು. ದಡದಲ್ಲಿದ್ದ ಕೊಕ್ಕರೆ ಲಾರಿಯವರ ಮಾತನ್ನು ಕೇಳಿಸಿಕೊಂಡಿತ್ತು.

"ಅದು ವಿಕಿರಣದ ಕಸವಂತೆ. ಕಣ್ಣಿಗೆ ಕಾಣದು, ಮೂಗಿಗೆ ನಾರದು. ಮೈಗೆ ಸೇರಿದರೆ ಬೇಗ ಬಿಡದು. ಹುಟ್ಟುವ ಮರಿಗಳಿಗೂ ಕೆಡುಕು" ಎಂದಿತು. ಹೇಳಿ ಅಂದೇ ಬೇರೆ ಕೆರೆಗೆ ಹಾರಿಹೋಯಿತು. ಪುಕ್ಕಟೆ ಊಟ ಬಿಟ್ಟು ಕೊಕ್ಕರೆಯೇ ಹೊರಟಾಗ ಉಳಿದವರು ಸ್ವಲ್ಪ ಯೋಚಿಸಬೇಕಿತ್ತು.

ಚಂಪಕ್ಕ ಯೋಚಿಸಿದಳು. ಅವಳ ಹೊಟ್ಟೆಯ ತುಂಬ ತತ್ತಿಗಳಿದ್ದವು. ಮಳೆ ಬಿದ್ದ ಕೂಡಲೇ ಇಡಬೇಕು, ಒಂದೂ ಕೆಡಬಾರದು ಎಂಬುದೇ ಅವಳ ಚಿಂತೆ. ಕೆರೆಯ ಹಿಂದೆ ಕಾಲುವೆ ಇತ್ತು, ಅದು ಹೊಳೆಗೆ ಸೇರುತ್ತಿತ್ತು. ಅಲ್ಲಿಗೆ ಹೋಗೋಣವೆಂದು ತಿರುಮಲಯ್ಯ ಹೇಳಿ ನೋಡಿದ. ಹೊಳೆಯಲ್ಲಿ ತನ್ನನ್ನು ಅಕ್ಕ ಅನ್ನುವವರು ಯಾರಿದ್ದಾರೆ ಎಂದು ಅವಳು ಒಪ್ಪಲಿಲ್ಲ.

"ನಾನು ಹೊಟ್ಟೆಯಲ್ಲಿ ತತ್ತಿ ಹೊತ್ತವಳು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವವಳಲ್ಲ. ಮೊದಲು ಬೇರೆಯವರು ರುಚಿ ನೋಡಲಿ" ಎಂದಳು.

ಹಾಗೆ ಒಂದು ಏರ್ಪಾಡಾಯಿತು. ಸಿಗಡಿಗಳು ಪಾಚಿ ತಿನ್ನಬೇಕು. ಅವು ಬದುಕಿದ್ದರೆ ಪಕ್ಕೆ ಎಂಬ ಪುಟ್ಟ ಮೀನು ಆ ಸಿಗಡಿಗಳನ್ನು ತಿನ್ನಬೇಕು. ಪಕ್ಕೆ ಮೀನೂ ನೆಟ್ಟಗಿದ್ದರೆ ಅದನ್ನು ಚಂಪಕ್ಕ ತಿನ್ನುವಳು. ಪಕ್ಕೆ ಮೀನು ಒಂದೆರಡು ಸಿಗಡಿ ತಿಂದರೆ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದು ತೋರಿಸಬೇಕು. ಆಗಲೇ ಪರೀಕ್ಷೆ ಪಕ್ಕಾ.

ರುಚಿ ನೋಡುವುದು ಕೆರೆಯಲ್ಲಿ ಬಹಳ ಮಾನದ ಹುದ್ದೆಯಾಯಿತು. ಆದರೆ ಅದರಲ್ಲಿ ಯಾರೂ ಹಳಬರಾಗಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಸಿಗಡಿ ಮೀಸೆ ಕುಣಿಸಿತು, ಪಕ್ಕೆ ಮೀನು ಬಾಲ ಕುಣಿಸಿತು, ಚಂಪಕ್ಕ ಉಂಡಳು. ಜಾಗ್ರತೆ ಅಂದರೆ ಹೀಗಿರಬೇಕು ಎಂದು ಬಸವನಹುಳುಗಳಿಗೂ ಬುದ್ಧಿ ಹೇಳಿದಳು. ಅವು ಎಲ್ಲಿಗೂ ಓಡಿಹೋಗಲಾರದೆ ಪೂರ್ತಿ ಕೇಳಿದವು.

ಮಳೆಗಾಲ ಹತ್ತಿರವಾದಾಗ ದೋಣಿಯಲ್ಲಿ ಕೆಲವರು ಬಂದರು. ಅವರ ಕೈಯಲ್ಲೊಂದು ವಿಕಿರಣ ಅಳೆಯುವ ಪೆಟ್ಟಿಗೆ. ನೀರಿನ ಹತ್ತಿರ ಹಿಡಿದರೆ ಅದು ಟಕ್ ಎಂದು ಸುಮ್ಮನಾಯಿತು. ಪಾಚಿಗೆ ಟಕ್ ಟಕ್ ಎಂದಿತು. ಸಿಗಡಿಗೆ ಇನ್ನಷ್ಟು, ಪಕ್ಕೆ ಮೀನಿಗೆ ಮತ್ತಷ್ಟು. ಕೊನೆಗೆ ಬಲೆಗೆ ಬಿದ್ದ ಚಂಪಕ್ಕನ ಹತ್ತಿರ ಹಿಡಿದರೆ ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸಿಡಿಯತೊಡಗಿತು. ಬಲೆ ಹಿಡಿದವನು ಹೌಹಾರಿ ಅವಳನ್ನು ನೀರಿಗೇ ಬಿಟ್ಟುಬಿಟ್ಟ.

ಚಂಪಕ್ಕ ಬೀಗುತ್ತಾ ಮನೆಗೆ ಬಂದಳು.

"ಕೇಳಿದೆಯಾ ತಿರುಮಲಯ್ಯ? ಪಕ್ಕೆ ಮೀನಿಗೆ ಹತ್ತೋ ಹನ್ನೆರಡೋ ಚಪ್ಪಾಳೆ. ನನಗೆ ನಿಲ್ಲಿಸಲೇ ಇಲ್ಲ."

ತಿರುಮಲಯ್ಯ ಅಡ್ಡಡ್ಡ ಸರಿದು ಬಂದ. "ಅಕ್ಕಾ, ಒಂದು ಮಾತು. ಪಾಚಿ ತಿಂದ ಸಿಗಡಿಗಳೆಲ್ಲ ಈಗ ಎಲ್ಲಿವೆ?"

"ಪಕ್ಕೆ ಮೀನಿನ ಹೊಟ್ಟೆಯಲ್ಲಿ."

"ಪಕ್ಕೆ ಮೀನುಗಳು?"

"ನನ್ನ ಹೊಟ್ಟೆಯಲ್ಲಿ. ಗೊತ್ತಿದ್ದೂ ಕೇಳುತ್ತೀಯಲ್ಲೋ."

"ಹಾಗಾದರೆ ಅವರೆಲ್ಲ ರುಚಿ ನೋಡಿದ ಆ ಕಸ ಎಲ್ಲಿಗೆ ಹೋಯಿತು ಅಕ್ಕಾ?"

ಚಂಪಕ್ಕ ತಿರುಗಿ ತನ್ನ ಉಬ್ಬಿದ ಹೊಟ್ಟೆಯನ್ನು ನೋಡಿಕೊಂಡಳು. ಕೇಳಿದ ತಿರುಮಲಯ್ಯನಿಗೂ ಆಗಲೇ ನೆನಪಾದದ್ದು, ಇಷ್ಟು ದಿನ ಅಕ್ಕನ ಊಟದಲ್ಲಿ ಮಿಕ್ಕದ್ದನ್ನೆಲ್ಲ ಬಳಿದು ತಿಂದವನು ತಾನೇ ಎಂದು.

ಮಳೆ ಬಂತು. ಚಂಪಕ್ಕ ತತ್ತಿ ಇಟ್ಟಳು. ಒಂದೂ ಮರಿಯಾಗಲಿಲ್ಲ. ಜನ ಬಂದು ಡ್ರಮ್ಮುಗಳನ್ನು ಎತ್ತಿಕೊಂಡು ಹೋದರು, ಕೆರೆಯ ಸುತ್ತ ಮುಳ್ಳುತಂತಿ ಹಾಕಿದರು, ಇಲ್ಲಿ ಮೀನು ಹಿಡಿಯಬಾರದು ಎಂದು ಬೋರ್ಡು ನೆಟ್ಟರು. ನೀರು ಬೇಗ ತಿಳಿಯಾಯಿತು. ಚಂಪಕ್ಕನ ಮೈ ಅಷ್ಟು ಬೇಗ ತಿಳಿಯಾಗಲಿಲ್ಲ. ಮುಂದಿನ ಮಳೆಗಾಲದ ತತ್ತಿಗಳೂ ಹಾಳಾದವು, ಅದರ ಮುಂದಿನವೂ. ಅವಳು ಸತ್ತ ಮೇಲೆ ನೆಲ್ಲಿಮಡುವಿನಲ್ಲಿ ಬಾಳೆ ಮೀನು ಉಳಿಯಲಿಲ್ಲ.

ನೀತಿ: ಅಪಾಯವನ್ನು ಚಿಕ್ಕವರ ಬಾಯಿಗೆ ಹಾಕಿ ಪರೀಕ್ಷಿಸುವ ದೊಡ್ಡವರ ಎಲೆಗೆ, ಕೊನೆಗೆ ಅದೆಲ್ಲವೂ ಒಟ್ಟಾಗಿ ಬಂದು ಬೀಳುತ್ತದೆ.