ಅಡ್ಡಗಲ್ಲು ಕಾಲುವೆ

ಕಣಗಲಕೆರೆಯ ಏರಿಯ ಮೇಲೆ ಆರು ವೀರಗಲ್ಲುಗಳು ಸಾಲಾಗಿ ನಿಂತಿವೆ. ಏಳನೆಯದನ್ನು ನೋಡಬೇಕಾದರೆ ಏರಿ ಇಳಿದು, ತೂಬಿನಿಂದ ಹೊರಬರುವ ಕಾಲುವೆಯ ಜೊತೆಯಲ್ಲಿ ನೂರಿಪ್ಪತ್ತು ಹೆಜ್ಜೆ ನಡೆಯಬೇಕು. ಅಲ್ಲಿ ಕಾಲುವೆ ಎರಡಾಗಿ ಕವಲೊಡೆಯುತ್ತದೆ. ಬಲಗವಲಿನ ಬಾಯಿಗೆ ಅಡ್ಡಲಾಗಿ ಆ ಕಲ್ಲನ್ನು ಮಗ್ಗುಲಾಗಿ ಮಲಗಿಸಿದ್ದಾರೆ. ಉದ್ದ ನಾಲ್ಕೂಕಾಲು ಅಡಿ, ಅಗಲ ಎರಡೂವರೆ ಅಡಿ; ಕೆತ್ತನೆಯ ಮುಖ ನೀರು ಬರುವ ದಿಕ್ಕಿಗಿದೆ. ಹೊಸಬರು ಅದು ಯಾವುದೋ ಪ್ರವಾಹದಲ್ಲಿ ಉರುಳಿ ಬಂದಿರಬೇಕು ಎಂದುಕೊಳ್ಳುತ್ತಾರೆ. ಉರುಳಿ ಬಂದದ್ದಲ್ಲ. ಅದನ್ನು ತಂದು ಹಾಗೆ ಇಟ್ಟವಳ ಹೆಸರು ಊರಿಗೆ ಇಂದಿಗೂ ನೆನಪಿದೆ.

ಹಿಂದೆ ಒಮ್ಮೆ ನೆರೆಸೀಮೆಯವರು ಈ ಊರಿನ ದನಗಳನ್ನು ಹೊಡೆದುಕೊಂಡು ಹೋದರಂತೆ. ಕೇತಯ್ಯನೆಂಬವನು ಆರು ಜನರೊಡನೆ ಬೆನ್ನಟ್ಟಿ ಹೋದ. ದನಗಳು ಮರಳಿದವು, ಹೋದವರು ಮರಳಲಿಲ್ಲ. ಇದು ಎಷ್ಟು ನೂರು ವರ್ಷ ಹಿಂದಿನ ಮಾತೆಂದು ಖಚಿತವಾಗಿ ಹೇಳಲಾಗದು, ಕಲ್ಲುಗಳ ಮೇಲೆ ಅಕ್ಷರಗಳಿಲ್ಲ. ಊರವರು ಏಳು ವೀರಗಲ್ಲುಗಳನ್ನು ಕೆತ್ತಿಸಿ ಏರಿಯ ಮೇಲೆ ನೆಟ್ಟರು. ಸೀಮೆಯ ಒಡೆಯ ಏಳು ಮನೆಗಳಿಗೂ ನೆತ್ತರುಗೊಡಗೆ ಕೊಡಿಸಿದ. ಕಾದಿ ಸತ್ತವನ ಮನೆಯವರು ಬದುಕಲೆಂದು ತೆರಿಗೆಯಿಲ್ಲದೆ ಬಿಟ್ಟುಕೊಡುತ್ತಿದ್ದ ಭೂಮಿಯನ್ನು ಆಗ ಹಾಗೆ ಕರೆಯುತ್ತಿದ್ದರು. ಭೂಮಿ ಎಲ್ಲಿ ಎಂಬುದನ್ನು ಗುರುತಿಸುವ ಕೆಲಸ ಊರಿನ ಗೌಡ ಎರೆಯಣ್ಣನದಾಗಿತ್ತು. ಹೊಸ ಗದ್ದೆಗೆ ನೀರಿನ ಸರದಿ ಎಲ್ಲರಿಗಿಂತ ಕೊನೆಗೆ ಎಂಬುದು ಅವನ ಅಜ್ಜನ ಕಾಲದ ಕಟ್ಟಳೆ. ಅವನು ಕೆಟ್ಟವನಲ್ಲ, ಕಟ್ಟಳೆಯಂತೆ ನಡೆದ. ಎಡಗವಲಿನ ತೀರಾ ತುದಿಯಲ್ಲಿ ಏಳು ಮಡಿಗಳನ್ನು ಅಳೆದು ಕೊಟ್ಟ.

ಮೊದಲ ವರ್ಷ ಆ ತುದಿಗೆ ಎಂಟು ದಿನ ಮಾತ್ರ ನೀರು ಬಂತು. ಎರಡನೆಯ ವರ್ಷ ಬರಲೇ ಇಲ್ಲ. ಬಲಗವಲಿನ ಹಳೆಯ ಗದ್ದೆಗಳೆಲ್ಲ ಕುಡಿದು ಮುಗಿಸುವಷ್ಟರಲ್ಲಿ ಕೆರೆ ತಳ ಕಾಣುತ್ತಿತ್ತು. ಆದರೆ ಪ್ರತಿ ಅಮಾವಾಸ್ಯೆಗೆ ಊರಿಗೆ ಊರೇ ಏರಿಯ ಮೇಲೆ ಸೇರಿ ಏಳು ಕಲ್ಲುಗಳಿಗೂ ಕೊಡಗಟ್ಟಲೆ ನೀರೆರೆದು, ಹಾಲೆರೆದು, ಹೂವೇರಿಸುತ್ತಿತ್ತು. ಆ ಏಳು ಮಂದಿಯ ಹೆಸರು ಹೇಳುವಾಗ ಗಂಡಸರು ರುಮಾಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು ಎನ್ನುತ್ತಾರೆ. ಅದು ಸುಳ್ಳು ದುಃಖವಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಕೇತಯ್ಯನ ಹೆಂಡತಿ ಬೊಪ್ಪವ್ವೆಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಮೂರು ವರ್ಷ ಬೀಳುಬಿದ್ದ ಕೊಡುಗೆ ಭೂಮಿ ಊರಿಗೆ ಮರಳಬೇಕೆಂದು ಇನ್ನೊಂದು ಕಟ್ಟಳೆಯಿತ್ತು. ಬೆಳೆಯಿಲ್ಲದೆ ಆಗಲೇ ಎರಡು ವರ್ಷ ಕಳೆದಿತ್ತು. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಒಲೆಯ ಮುಂದಿನಿಂದ ಅರ್ಧಕ್ಕೆ ಎದ್ದು ಹೋಗುತ್ತಿದ್ದಳು. ತೂಬಿನಿಂದ ತನ್ನ ಮಡಿಯವರೆಗೆ, ಮಡಿಯಿಂದ ತೂಬಿನವರೆಗೆ, ದಿನಕ್ಕೆ ಎಷ್ಟು ಸಲವೋ ನಡೆಯುತ್ತಿದ್ದಳು. ಗೌಡನನ್ನು ಮೂರು ಸಲ ಕಂಡು ಕೇಳಿದಳು. ಸರದಿ ತಾನು ಮಾಡಿದ್ದಲ್ಲ, ಮುರಿಯುವ ಅಧಿಕಾರ ತನಗಿಲ್ಲ ಎಂದು ಅವನು ಮೂರು ಸಲವೂ ಮೃದುವಾಗಿಯೇ ಹೇಳಿದ. ನೀರು ಬಿಡುವ ನೀರುಗಂಟಿ ಸಿಂಗ ಮಾತ್ರ ಒಂದು ದಿನ ನಕ್ಕು, "ಏನವ್ವ, ನೀನು ನಡೆದು ನಡೆದೇ ಕಾಲುವೆ ಸವೆಯಿತಲ್ಲ" ಎಂದನಂತೆ. "ಸವೆಯಲಿ ಬಿಡಪ್ಪ. ಆಳವಾದರೆ ನೀರಾದರೂ ಬಂದೀತು" ಎಂದು ಅವಳು ನಿಲ್ಲದೆ ಹೋದಳು.

ಮೂರನೆಯ ವರ್ಷ ತೂಬು ಎತ್ತುವ ದಿನದ ಬೆಳಗ್ಗೆ, ಊರವರು ಪೂಜೆಗೆ ಹೂವು ಕೊಯ್ಯುತ್ತಿದ್ದ ಹೊತ್ತಿಗೆ, ಏಳು ಮನೆಗಳ ಹೆಂಗಸರು ಹಾರೆ ಹಿಡಿದು ಏರಿ ಹತ್ತಿದರು. ಕೇತಯ್ಯನ ಕಲ್ಲನ್ನು ಬುಡಸಹಿತ ಕಿತ್ತು, ಹಗ್ಗ ಕಟ್ಟಿ, ಎತ್ತುಗಳಿಂದ ಎಳೆಸಿ, ಬಲಗವಲಿನ ಬಾಯಿಗೆ ಅಡ್ಡ ಕೆಡವಿದರು. ಸಂದುಗಳಿಗೆ ಜೇಡಿಮಣ್ಣು ಮೆತ್ತಿದರು. ತೂಬು ಎತ್ತಿದಾಗ ನೀರು ಬಂದು ಕಲ್ಲಿಗೆ ಬಡಿದು, ಸ್ವಲ್ಪ ಹೊತ್ತು ಸುತ್ತಾಡಿ, ಎಡಕ್ಕೆ ತಿರುಗಿತು.

ಊರು ಓಡಿಬಂತು. ಎರೆಯಣ್ಣ ಮುಂದೆ ಬಂದು ಕಲ್ಲಿನ ಎದುರು ನಿಂತ.

"ನೆಟ್ಟ ವೀರಗಲ್ಲನ್ನು ಕೀಳುವುದು ಎಂಥ ಪಾಪ, ಗೊತ್ತಿಲ್ಲವೇನಮ್ಮ?" ಎಂದ.

"ಗೊತ್ತು, ಎರೆಯಣ್ಣ. ಆ ಪಾಪ ನನ್ನ ತಲೆಗೆ ಬಂದಾಯಿತು. ಇನ್ನೊಮ್ಮೆ ಕೀಳುವವರು ಯಾರಿದ್ದೀರೋ ಬನ್ನಿ" ಎಂದಳು ಬೊಪ್ಪವ್ವೆ. ಯಾರೂ ಕಾಲುವೆಗೆ ಇಳಿಯಲಿಲ್ಲ. ಆಗ ಅವಳು, "ತಿಂಗಳಿಗೊಮ್ಮೆ ಅವರಿಗೆ ಕೊಡದಲ್ಲಿ ನೀರು ಹೊರುತ್ತಿದ್ದಿರಿ. ನಿಮಗೆ ಆ ಶ್ರಮ ಇನ್ನಿಲ್ಲ" ಎಂದಳಂತೆ.

ನಾಲ್ಕು ದಿನ ಊರಿಗೆ ನೆಮ್ಮದಿಯಿರಲಿಲ್ಲ. ಕಲ್ಲು ಮುಟ್ಟುವಂತಿಲ್ಲ, ಬಲಗಡೆಯ ಗದ್ದೆಗಳು ಒಣಗುತ್ತಿವೆ. ಗಂಡಸರು ಬಂದು ನೋಡುವರು, ಕೈಕಟ್ಟಿ ನಿಲ್ಲುವರು, ಹೋಗುವರು. ಐದನೆಯ ದಿನ ಎರೆಯಣ್ಣ ತಾನೇ ಗುದ್ದಲಿ ತಂದು, ಕಲ್ಲಿನ ಪಕ್ಕದಲ್ಲಿ ಬಲಗವಲಿಗೆ ಹೊಸ ಬಾಯಿ ಅಗೆದ. ಅದನ್ನು ಕಾಲುವೆಯ ತಳಕ್ಕಿಂತ ಒಂದು ಮೊಳ ಎತ್ತರದಲ್ಲಿ ತೆಗೆದ. ಎಡಗಡೆಯ ಏಳು ಮಡಿ ತುಂಬಿ, ಅವುಗಳ ಬಾಯಿ ಕಟ್ಟಿದ ಮೇಲೆಯೇ ನೀರು ಮೇಲೇರಿ ಬಲಕ್ಕೆ ಹರಿಯಬೇಕು, ಹಾಗೆ. ಕಲ್ಲು ಕೆಡವಿದ ದೋಷದಿಂದ ಬೊಪ್ಪವ್ವೆಯ ಕೈ ಸೇದಿಹೋಯಿತು ಎಂದು ಕೆಲವರು ಸೇರಿಸುತ್ತಾರೆ. ಅದಕ್ಕೆ ಆಧಾರವಿಲ್ಲ. ಆ ವರ್ಷ ಅವಳು ತನ್ನ ಮಡಿಯಲ್ಲಿ ತಾನೇ ನಾಟಿ ಮಾಡಿದಳು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಎರೆಯಣ್ಣ ತೆಗೆದ ಬಾಯಿಗೆ ಈಗ ಸಿಮೆಂಟು ಹಾಕಿದ್ದಾರೆ, ಎತ್ತರ ಅಷ್ಟೇ ಇದೆ. ಕಲ್ಲನ್ನು ಎತ್ತಿ ಏರಿಯ ಮೇಲಿಡೋಣ ಎಂದು ಹೊರಗಿನವರು ಹೇಳಿದ್ದುಂಟು, ಊರು ಒಪ್ಪಲಿಲ್ಲ. ನೀರು ತಿರುಗುವ ತುದಿಯಲ್ಲಿರುವ ಯುದ್ಧದ ಪಟ್ಟಿಕೆ ಸವೆದು ನುಣುಪಾಗಿದೆ, ಈಟಿ ಯಾವುದು ತೋಳು ಯಾವುದು ತಿಳಿಯುವುದಿಲ್ಲ. ಬೊಪ್ಪವ್ವೆಯ ವಂಶದವರು ಯಾರೂ ಈಗ ಇಲ್ಲಿಲ್ಲ. ಆದರೆ ಈ ಊರಿನ ಯಾವ ಮನೆಯಿಂದಲಾದರೂ ಸೈನ್ಯಕ್ಕೆ ಹೋದವರು ಮರಳದಿದ್ದರೆ, ಆ ಮನೆಯ ಗದ್ದೆ ಯಾವ ಕವಲಿನಲ್ಲಿದ್ದರೂ ಮೂರು ವರ್ಷ ತೂಬಿನ ಮೊದಲ ನೀರು ಅದಕ್ಕೇ. ಆ ಮನೆಯವರು ಬಂದು ಕೇಳುವಂತಾಗಬಾರದು, ನೀರುಗಂಟಿಯೇ ತಿಳಿದು ಬಿಡಬೇಕು. ತೂಬು ಎತ್ತುವ ದಿನ ಬಂದವರು ಇದನ್ನೆಲ್ಲ ಕಣ್ಣಾರೆ ನೋಡಬಹುದು. ಹೋದ ವರ್ಷ ಆ ನೀರು ನಮ್ಮ ಗದ್ದೆಗೆ ಬಂತು. ಈ ವರ್ಷವೂ ಬಂದಿದೆ. ನಾವು ಯಾರೂ ಹೋಗಿ ಕೇಳಿರಲಿಲ್ಲ.